ತುಂಬಿ ನಿಂತ ಬೆಲ್ಟನ್ನು ಹೊರಡಿಸುವ ಡ್ರೈವ್: ವಿ/ಎಫ್, ವೆಕ್ಟರ್, ಎನ್‌ಕೋಡರ್

ಖಾಲಿ ಬೆಲ್ಟನ್ನು ಯಾವ ಡ್ರೈವ್ (ವಿದ್ಯುತ್ತಿನ ಆವರ್ತನ, ವೋಲ್ಟೇಜ್ ಬದಲಿಸಿ ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಆದರೂ ಓಡಿಸುತ್ತದೆ. ಆದ್ದರಿಂದ ಸರಕು ಹೇರಿಕೊಂಡು ನಡುದಾರಿಯಲ್ಲಿ ನಿಂತ ಕನ್ವೇಯರ್ ಮೇಲೆಯೇ ಪರೀಕ್ಷಿಸಿದೆ. 7.5 ಕಿಲೋವ್ಯಾಟ್, 1440 ಆರ್‌ಪಿಎಂ ಇಂಡಕ್ಷನ್ ಮೋಟಾರ್. ಪೂರ್ಣ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 50 ನ್ಯೂಟನ್ ಮೀಟರ್. ಡ್ರೈವ್ ಒಂದೇ, ಬದಲಾದದ್ದು ನಿಯಂತ್ರಣ ವಿಧಾನ ಮಾತ್ರ.

ನೇರ ಸ್ಟಾರ್ಟರ್‌ನಲ್ಲಿ ಇಂಥ ಮೋಟಾರ್ ಆರೇಳು ಪಟ್ಟು ಕರೆಂಟ್ ನುಂಗಿ ಒಂದೂವರೆ, ಎರಡು ಪಟ್ಟು ಟಾರ್ಕ್ ಕೊಡುತ್ತದೆ. ಡ್ರೈವ್ ಅಷ್ಟು ಕರೆಂಟ್ ಬಿಡುವುದಿಲ್ಲ. ಹೆವಿ ಡ್ಯೂಟಿ ರೇಟಿಂಗ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ನಿಮಿಷದ ಮಟ್ಟಿಗೆ ರೇಟೆಡ್ ಕರೆಂಟಿನ ಶೇ 150. ಆದರೆ ಕಡಿಮೆ ಆವರ್ತನದಲ್ಲಿ ಸ್ಲಿಪ್ (ತಿರುಗುವ ಕಾಂತಕ್ಷೇತ್ರಕ್ಕೂ ರೋಟರಿಗೂ ಇರುವ ವೇಗದ ಅಂತರ) ಚಿಕ್ಕದಾಗಿರುವುದರಿಂದ ಅಷ್ಟರಲ್ಲೇ ಹೆಚ್ಚುಕಡಿಮೆ ಶೇ 150 ಟಾರ್ಕ್ ತೆಗೆಯಬಹುದು. ತೆಗೆಯುವ ಜಾಣ್ಮೆ ಯಾರಿಗಿದೆ ಎಂಬುದೇ ಪ್ರಶ್ನೆ.

ಆವರ್ತನಕ್ಕೆ ತಕ್ಕ ಅನುಪಾತದಲ್ಲಿ ವೋಲ್ಟೇಜ್ ಕೊಡುವ ಸಾದಾ ವಿ/ಎಫ್‌ಗೆ ಇಲ್ಲ. 415 ವೋಲ್ಟ್, 50 ಹರ್ಟ್ಜ್ ಎಂದರೆ ಹರ್ಟ್ಜ್‌ಗೆ 8.3 ವೋಲ್ಟ್, 2 ಹರ್ಟ್ಜ್‌ನಲ್ಲಿ ಮೋಟಾರಿಗೆ ತಲುಪುವುದು ಹದಿನೇಳು ವೋಲ್ಟ್. ಅದರಲ್ಲಿ ದೊಡ್ಡ ಪಾಲನ್ನು ಸ್ಟೇಟರ್ ಸುರುಳಿಯ ರೋಧವೇ ತಿಂದುಹಾಕುತ್ತದೆ, ಕಾಂತಕ್ಷೇತ್ರಕ್ಕೆ ಉಳಿಯುವುದು ಚೂರುಪಾರು. ಡಿಸ್‌ಪ್ಲೇಯಲ್ಲಿ ಆವರ್ತನ ಏರುತ್ತಿತ್ತು, ಮೋಟಾರ್ ಗುಂಯ್‌ಗುಡುತ್ತಿತ್ತು, ಶಾಫ್ಟ್ ಮಾತ್ರ ಕದಲಲಿಲ್ಲ. ಕೊನೆಗೆ ಓವರ್‌ಕರೆಂಟ್ ಟ್ರಿಪ್. ಫ್ಯಾನಿಗೂ ಸೆಂಟ್ರಿಫ್ಯೂಗಲ್ ಪಂಪಿಗೂ ಇದೇ ಧಾರಾಳವಾಗಿ ಸಾಕು: ಅಲ್ಲಿ ಬೇಕಾಗುವ ಟಾರ್ಕ್ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಆರಂಭದಲ್ಲಿ ಹೊರೆಯೇ ಇರುವುದಿಲ್ಲ.

ಟಾರ್ಕ್ ಬೂಸ್ಟ್, ಅಂದರೆ ಕಡಿಮೆ ಆವರ್ತನದಲ್ಲಿ ಕೊಡುವ ಹೆಚ್ಚುವರಿ ವೋಲ್ಟೇಜ್, ಶೇ 4ಕ್ಕೆ ಏರಿಸಿದಾಗ ಬೆಲ್ಟ್ ಹೊರಟಿತು. ಶೇ 4 ಎಂದರೆ ಅಲ್ಪವೆನಿಸಬಹುದು, ಆದರೆ ಅದು 16.6 ವೋಲ್ಟ್; 2 ಹರ್ಟ್ಜ್‌ನಲ್ಲಿ ಇರುವ ವೋಲ್ಟೇಜನ್ನು ಬಹುತೇಕ ಇಮ್ಮಡಿ ಮಾಡಿದಂತೆ. ಹೊರೆಯಿದ್ದಾಗ ಅದು ವರ, ಬೆಲ್ಟ್ ಖಾಲಿಯಿದ್ದಾಗ ಶಾಪ. ಮೋಟಾರಿನ ಕಬ್ಬಿಣದ ಕೋರ್ ಸ್ಯಾಚುರೇಟ್ ಆಗಿ (ಕಾಂತತ್ವ ಹಿಡಿಸುವ ಮಿತಿ ಮುಟ್ಟಿ), ಕೆಲಸವೇ ಇಲ್ಲದ ಮೋಟಾರ್ ಕರೆಂಟ್ ಎಳೆದುಕೊಂಡು ಬಿಸಿಯಾಗುತ್ತದೆ. ಸುರುಳಿಯ ತಾಪ 50 ಡಿಗ್ರಿ ಏರಿದರೆ ತಾಮ್ರದ ರೋಧ ಸುಮಾರು ಶೇ 20 ಹೆಚ್ಚುವುದರಿಂದ, ತಣ್ಣಗಿದ್ದಾಗ ಸರಿಹೊಂದಿಸಿದ ಬೂಸ್ಟ್ ಬಿಸಿಯಾದ ಮೇಲೆ ಸಾಲದಾಗುತ್ತದೆ. ಟ್ರಿಪ್ ಆದಾಗಲೆಲ್ಲ ಬೂಸ್ಟ್ ಏರಿಸುತ್ತ ಹೋಗುವ ಅಭ್ಯಾಸ ನನಗೆ ಇಷ್ಟವಿಲ್ಲ. ಒಂದೇ ಡ್ರೈವ್‌ಗೆ ಹಲವು ಮೋಟಾರ್ ಕಟ್ಟಿದ್ದರೆ ಮಾತ್ರ ಬೇರೆ ದಾರಿಯಿಲ್ಲ, ವಿ/ಎಫ್‌ನಲ್ಲೇ ಇರಬೇಕು.

ಸೆನ್ಸರ್‌ಲೆಸ್ (ವೇಗದ ಸೆನ್ಸರ್ ಇಲ್ಲದ) ವೆಕ್ಟರ್‌ಗೆ ಬದಲಾಯಿಸಿ, ಮೋಟಾರಿನ ಗುಣಗಳನ್ನು ಡ್ರೈವ್ ತಾನೇ ಅಳೆದುಕೊಳ್ಳುವ ಆಟೋ ಟ್ಯೂನಿಂಗ್ ಮಾಡಿಸಿದಾಗ ಅದೇ ಬೆಲ್ಟ್ ಒಂದು ಹರ್ಟ್ಜ್ ಆಸುಪಾಸಿನಲ್ಲೇ, ಜಗ್ಗದೆ ಹೊರಟಿತು. ಕಾಂತಕ್ಷೇತ್ರ ಕಟ್ಟುವ ಕರೆಂಟನ್ನೂ ಟಾರ್ಕ್ ಕೊಡುವ ಕರೆಂಟನ್ನೂ ಡ್ರೈವ್ ಬೇರೆಬೇರೆಯಾಗಿ ಲೆಕ್ಕ ಹಾಕುತ್ತದೆ. ಹೊರೆ ಇಳಿದರೆ ಕರೆಂಟೂ ತಾನಾಗಿ ಇಳಿಯುತ್ತದೆ. ಆದರೆ ಇದಕ್ಕೆ ನೇಮ್‌ಪ್ಲೇಟಿನ ಅಂಕಿಗಳನ್ನು ನಿಷ್ಠೆಯಿಂದ ತುಂಬಬೇಕು, ಸಾಧ್ಯವಿದ್ದರೆ ಗೇರ್‌ಬಾಕ್ಸ್ ಬಿಚ್ಚಿ ಮೋಟಾರನ್ನು ತಿರುಗಿಸಿಯೇ ಟ್ಯೂನ್ ಮಾಡಬೇಕು. ನಿಂತಲ್ಲೇ ಮಾಡುವ ಟ್ಯೂನಿಂಗ್ ನಡೆಯುತ್ತದೆ, ಅಷ್ಟು ನಿಖರವಲ್ಲ. ಸೊನ್ನೆ ವೇಗದ ಹತ್ತಿರ ಇದರ ಅಂದಾಜು ಮಂಕಾಗುತ್ತದೆ: ರೋಟರಿನ ವೇಗ ಎಷ್ಟೆಂದು ಹೇಳಬಲ್ಲ ಹಿಮ್ಮುಖ ವೋಲ್ಟೇಜ್ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಎನ್‌ಕೋಡರ್ (ಶಾಫ್ಟ್ ತಿರುಗುವುದನ್ನು ಅಳೆಯುವ ಸೆನ್ಸರ್) ಜೋಡಿಸಿದ ವೆಕ್ಟರ್‌ಗೆ ಆ ಕೊರತೆಯಿಲ್ಲ. ಸೊನ್ನೆ ವೇಗದಲ್ಲೂ ಪೂರ್ಣ ಟಾರ್ಕ್ ಹಿಡಿದು ನಿಲ್ಲುತ್ತದೆ. ಲಿಫ್ಟ್, ಕ್ರೇನ್, ಬ್ರೇಕ್ ಬಿಟ್ಟೊಡನೆ ಹಿಂದಕ್ಕೆ ಜಾರುವ ಇಳಿಜಾರು ಬೆಲ್ಟ್: ಇವಕ್ಕೆ ಇದೇ ಬೇಕು. ನನ್ನ ಸಮತಟ್ಟಾದ ಬೆಲ್ಟ್ ಹೊರಡುವಾಗ ಮಾತ್ರ ಸೆನ್ಸರ್‌ಲೆಸ್‌ಗಿಂತ ಹೆಚ್ಚೇನೂ ಕಾಣಲಿಲ್ಲ. ಮೇಲಾಗಿ ಶೀಲ್ಡ್ ಕೇಬಲ್, ಕಪ್ಲಿಂಗ್, ಧೂಳಿನಿಂದ ರಕ್ಷಣೆ ಎಂದು ಖರ್ಚು ಬೆಳೆಯುತ್ತದೆ. ಎನ್‌ಕೋಡರಿನ ಸಂಕೇತ ಒಯ್ಯುವ ಎ, ಬಿ ತಂತಿಗಳು ಅದಲುಬದಲಾದರೆ ಮೋಟಾರ್ ಕರೆಂಟ್ ಮಿತಿಗೆ ತಾಗಿಕೊಂಡು ತೆವಳುತ್ತದೆ.

ಯಾವ ವಿಧಾನವಿರಲಿ, ಟ್ರಿಪ್ ಆಯಿತೆಂದು ವೇಗವರ್ಧನೆಯ ಸಮಯವನ್ನು ಕಣ್ಣುಮುಚ್ಚಿ ಹೆಚ್ಚಿಸಬೇಡಿ. ಕದಲದ ಹೊರೆಗೆ ಅದರಿಂದ ಸಿಗುವುದು ದುರ್ಬಲ ಆವರ್ತನದಲ್ಲಿ ಇನ್ನಷ್ಟು ಹೊತ್ತಿನ ಸೆಣಸಾಟ, ಅದೂ ಮೋಟಾರಿನ ಸ್ವಂತ ಫ್ಯಾನ್ ತಿರುಗದೇ ಇರುವಾಗ.

ನಾನು ಉಳಿಸಿಕೊಂಡದ್ದು ಸೆನ್ಸರ್‌ಲೆಸ್ ವೆಕ್ಟರ್. ಹೊರೆ ಕದಲಿಸಲು ಶೇ 150ಕ್ಕಿಂತ ಹೆಚ್ಚು ಟಾರ್ಕ್ ಬೇಕಾದ ಕಡೆ ಪ್ಯಾರಾಮೀಟರ್ ತಿದ್ದುತ್ತ ಕೂರದೆ ಒಂದು ಅಳತೆ ದೊಡ್ಡ ಡ್ರೈವ್ ಹಾಕಿ, ಇಲ್ಲವೇ ಗೇರ್ ಅನುಪಾತ ಬದಲಾಯಿಸಿ.