ಸ್ಟುಡಿಯೋ ಕೋರ್ಸ್ ರಿವ್ಯೂ: ಟ್ರೇಸಿಂಗ್ ಶೀಟಿಗೆ ಫುಲ್ ಮಾರ್ಕ್ಸ್, ಜ್ಯೂರಿಗೆ ಅರ್ಧ

ಹದಿನಾರು ವಾರದ ಅರ್ಬನ್ ಡಿಸೈನ್ ಮತ್ತೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಸ್ಟುಡಿಯೋ ಮುಗಿಸಿ ಹತ್ತು ದಿನ ಆಯ್ತು, ನಿದ್ದೆ ಸ್ವಲ್ಪ ಸರಿಹೋಗಿದೆ, ಕಟರ್ ತಾಗಿದ್ದ ಬೆರಳೂ ವಾಸಿಯಾಗಿದೆ, ಈಗ ಕೂತು ಬರೀಬಹುದು ಅನ್ನಿಸ್ತು. ಸಂಸ್ಥೆ ಹೆಸರು ಹಾಕಲ್ಲ, ಕೇಳ್ಬೇಡಿ, ಯಾಕಂದ್ರೆ ಕೆಳಗೆ ಬೈಗುಳಾನೂ ಇದೆ. ಹೇಗಿದ್ರೂ ಈ ಥರದ ಸ್ಟುಡಿಯೋ ಎಲ್ಲಿ ಹೋದ್ರೂ ಹೆಚ್ಚುಕಮ್ಮಿ ಒಂದೇ ಮಾದರಿ. ಒಂದು ಸೈಟ್ ಕೊಡ್ತಾರೆ, ಒಂದು ಡೇಟ್ ಕೊಡ್ತಾರೆ, ಮಧ್ಯದಲ್ಲಿ ನಾವು ಬರೆದಿದ್ದನ್ನ ಗೈಡ್ ಟೇಬಲ್ ಹತ್ರನೇ ಬಂದು ನೋಡ್ತಾರೆ, ಕೊನೆಗೆ ಶೀಟೆಲ್ಲ ಗೋಡೆಗೆ ಅಂಟಿಸಿ ಜ್ಯೂರಿ, ಅಂದ್ರೆ ಕೆಲಸ ನೋಡಿ ತೀರ್ಪು ಹೇಳೋರ ಮುಂದೆ ನಿಲ್ಲಿಸ್ತಾರೆ.

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು. ಅದರಲ್ಲಿ ಮೂರು ಪೂರ್ತಿ ಆ ಟೇಬಲ್ ಹತ್ರದ ಇಪ್ಪತ್ತು ನಿಮಿಷಕ್ಕೆ, ಡೆಸ್ಕ್ ಕ್ರಿಟ್ ಅಂತಾರಲ್ಲ, ಅದಕ್ಕೆ. ಉಳಿದ ಒಂದು ಸೈಟಿಗೆ.

ನಂಗೆ ಡ್ರಾಯಿಂಗ್ ಬರುತ್ತೆ ಅನ್ನೋ ಧಿಮಾಕು ಇತ್ತು ಸುಳ್ಳ್ಯಾಕೆ ಹೇಳ್ಲಿ. ಮೊದಲ ಪ್ರಾಜೆಕ್ಟ್ ಅರ್ಧ ಹೆಕ್ಟೇರಿನ ಒಂದು ಖಾಲಿ ಜಾಗ, ಹಿಂದೆ ಸರಕು ಇಳಿಸೋ ಯಾರ್ಡ್ ಆಗಿದ್ದು, ಅದನ್ನ ಪಾರ್ಕ್ ಮಾಡ್ಬೇಕು. ಮೊದಲ ವಾರದಲ್ಲೇ ಚೆಂದದ ಪ್ಲಾನ್ ಬರ್ಕೊಂಡು ಹೋದೆ, ಮೂಲೆಯಿಂದ ಮೂಲೆಗೆ ಒಂದು ಬಳುಕೋ ದಾರಿ, ನಡುವೆ ದುಂಡಗಿನ ಪ್ಲಾಝಾ (ಜನ ಸೇರೋ ತೆರೆದ ಜಾಗ), ಸುತ್ತ ಹಸಿರು ಚುಕ್ಕಿ ಥರ ಮರಗಳು. ಗೈಡ್ ಮೇಡಂ ಬಂದ್ರು, ನೋಡಿದ್ರು, ಚೆನ್ನಾಗಿದೆ ಅಂತಾನೂ ಅನ್ಲಿಲ್ಲ ಕೆಟ್ಟದಾಗಿದೆ ಅಂತಾನೂ ಅನ್ಲಿಲ್ಲ, ರೋಲಿಂದ ಒಂದು ತುಂಡು ಟ್ರೇಸಿಂಗ್ ಶೀಟ್ (ಕೆಳಗಿಂದು ಕಾಣೋ ತೆಳು ಕಾಗದ) ಹರಿದು ನನ್ನ ಪ್ಲಾನ್ ಮೇಲೆ ಹಾಸಿದ್ರು. ಆಮೇಲೆ ಪೆನ್ಸಿಲ್ ತುದೀಲಿ ನನ್ನ ದಾರಿ ದಾಟೋ ಕಾಂಟೂರ್ ಗೆರೆಗಳನ್ನ, ಅಂದ್ರೆ ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆಗಳನ್ನ, ಎಣಿಸ್ತಾ ಹೋದ್ರು. ಒಂದು, ಎರಡು, ಮೂರು. ಒಂದೊಂದು ಗೆರೆಗೂ ಅರ್ಧ ಮೀಟರ್, ಅಂದ್ರೆ ಒಂದೂವರೆ ಮೀಟರ್ ಇಳಿಜಾರು, ಅದೂ ಹನ್ನೆರಡು ಮೀಟರ್ ಉದ್ದದ ದಾರೀಲಿ. "ಇಲ್ಲಿ ವೀಲ್‌ಚೇರಲ್ಲಿ ಬರೋರು ಏನ್ಮಾಡ್ಬೇಕು?" ಅಂದ್ರು ಅಷ್ಟೇ.

ಲೆಕ್ಕ ಹಾಕಿ ನೋಡಿ. 1:12 ರ‍್ಯಾಂಪ್ ಅಂದ್ರೆ 12 ಮೀಟರ್ ಹೋದ್ರೆ ಒಂದು ಮೀಟರ್ ಇಳಿಯೋದು, ಹಾಗಾಗಿ ಒಂದೂವರೆ ಮೀಟರ್ ಇಳಿಯೋಕೆ 18 ಮೀಟರ್ ಬೇಕು, ನಡುವೆ ನಿಂತು ಸುಧಾರಿಸಿಕೊಳ್ಳೋಕೆ ಒಂದು ಲ್ಯಾಂಡಿಂಗ್ ಬೇರೆ. ಆರಾಮಾಗಿ ನಡೆಯೋ ಹಾಗಿರ್ಬೇಕು, 1:20 ಇರ್ಲಿ ಅಂದ್ರೆ 30 ಮೀಟರ್. ಅದೇ ಮೆಟ್ಟಿಲಾದ್ರೆ 15 ಸೆಂಟಿಮೀಟರಿನ ಹತ್ತು ಹೆಜ್ಜೆ, ಮೂರು ಮೀಟರೊಳಗೆ ಮುಗೀತು. ಇದೆಲ್ಲ ಪುಸ್ತಕದಲ್ಲಿ ಇರೋದೇ, ನಾನೂ ಓದಿದ್ದೇ. ಆದ್ರೆ ನನ್ನದೇ ಗೆರೆ ಮೇಲೆ ಆ ಪೆನ್ಸಿಲ್ ಎಣಿಸ್ತಾ ಹೋದಾಗ ಇಳಿದ ಹಾಗೆ ಓದಿದಾಗ ಇಳಿದಿರಲಿಲ್ಲ. ಆವತ್ತು ಬಳುಕೋ ದಾರಿ ಹೋಯ್ತು, ಬದಲಿಗೆ ಇಳಿಜಾರನ್ನ ಓರೆಯಾಗಿ ಸೀಳ್ಕೊಂಡು ಹೋಗೋ ಉದ್ದದ ದಾರಿ ಬಂತು, ಅದರ ಪಕ್ಕಕ್ಕೆ ಕೂರೋ ಕಟ್ಟೆ ತಾನಾಗೇ ಹುಟ್ಕೊಂತು. ಆ ಕಟ್ಟೆ ನಾನು ಡಿಸೈನ್ ಮಾಡಿದ್ದು ಅಂತ ಹೇಳ್ಕೊಳ್ಳೋಕೆ ಈಗ್ಲೂ ಸಂಕೋಚ, ನೆಲಾನೇ ಮಾಡಿದ್ದು.

ಇನ್ನು ಸೈಟ್ ವಿಷಯ. ನಾಲ್ಕು ಸಲ ಹೋಗೋದು ಕಡ್ಡಾಯ ಮಾಡಿದ್ರು, ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ, ಕತ್ತಲಾದ ಮೇಲೆ ಒಂದ್ಸಲ, ಮತ್ತೆ ಮಳೇಲಿ ಒಂದ್ಸಲ. ಮಳೇಲಿ ಹೋಗಿ ಅಂದಾಗ ಎಲ್ರೂ ಮುಖ ಗಂಟು ಹಾಕ್ಕೊಂಡ್ರು, ನಾನೂ. ಹೋಗಿ ನೋಡಿದ್ರೆ ನನ್ನ ದುಂಡನೆ ಪ್ಲಾಝಾ ಎಲ್ಲಿ ಬರ್ಬೇಕಿತ್ತೋ ಕರೆಕ್ಟಾಗಿ ಅಲ್ಲೇ ಹಿಮ್ಮಡಿ ಮುಳುಗೋವಷ್ಟು ನೀರು ನಿಂತಿದೆ, ಅದರಲ್ಲಿ ಒಂದು ಪ್ಲಾಸ್ಟಿಕ್ ಚಪ್ಪಲಿ ಗಾಳಿಗೆ ನಿಧಾನಕ್ಕೆ ತಿರುಗ್ತಾ ತೇಲ್ತಿದೆ. ಸರ್ವೆ ಮ್ಯಾಪಲ್ಲಿ ಆ ತಗ್ಗು ಇರ್ಲಿಲ್ಲ, ಎರಡು ಗೆರೆ ನಡುವೆ ಬಿದ್ದಿತ್ತು. ಆಮೇಲೆ ಕ್ಲಾಸಲ್ಲಿ ನೀರಿನ ಲೆಕ್ಕ ಮಾಡ್ಸಿದ್ರು: ಅರ್ಧ ಹೆಕ್ಟೇರ್ ಮೇಲೆ 50 ಮಿಲಿಮೀಟರ್ ಮಳೆ ಬಿದ್ರೆ ಎರಡೂವರೆ ಲಕ್ಷ ಲೀಟರ್. ಎಲ್ಲಾ ಕಡೆ ಕಾಂಕ್ರೀಟ್ ಹಾಸಿದ್ರೆ ಅದರಲ್ಲಿ ನೂರಕ್ಕೆ ತೊಂಬತ್ತು ಭಾಗ ಹರಿದು ಪಕ್ಕದವರ ಗೇಟಿಗೆ ಹೋಗುತ್ತೆ, ಮಣ್ಣು ಹುಲ್ಲು ಇದ್ರೆ ಬಹುಪಾಲು ಅಲ್ಲೇ ಇಂಗುತ್ತೆ. ಅಲ್ಲಿವರೆಗೂ ಲ್ಯಾಂಡ್‌ಸ್ಕೇಪ್ ಅಂದ್ರೆ ಕಟ್ಟಡ ಎಲ್ಲಾ ಆದ್ಮೇಲೆ ಉಳಿದ ಜಾಗಕ್ಕೆ ಗಿಡ ಇಡೋದು ಅನ್ಕೊಂಡಿದ್ದೆ. ಪ್ಲಾಝಾ ಮೇಲಕ್ಕೆ ಎತ್ತಿದೆ, ತಗ್ಗನ್ನ ಹಾಗೇ ಬಿಟ್ಟು ಮಳೆ ಬಂದಾಗ ಕೆರೆ, ಬಿಸಿಲಲ್ಲಿ ಆಟದ ಬಯಲು ಮಾಡಿದೆ. ಇಡೀ ಪ್ರಾಜೆಕ್ಟಲ್ಲಿ ನಂಗೆ ಇಷ್ಟ ಆಗಿರೋದು ಅದೊಂದೇ.

ಜನ ಎಲ್ಲಿ ಕೂರ್ತಾರೆ ಅಂತ ಹದಿನೈದು ನಿಮಿಷಕ್ಕೊಮ್ಮೆ ಮ್ಯಾಪಲ್ಲಿ ಚುಕ್ಕಿ ಹಾಕೋ ಕೆಲ್ಸಾನೂ ಇತ್ತು. ನ್ಯೂಯಾರ್ಕಲ್ಲಿ ವಿಲಿಯಂ ವೈಟ್ ಅನ್ನೋರು ಎಪ್ಪತ್ತರ ದಶಕದಲ್ಲಿ ಪ್ಲಾಝಾಗಳ ಮೇಲೆ ಕ್ಯಾಮೆರಾ ಇಟ್ಟು ಇದನ್ನೇ ಮಾಡಿದ್ರಂತೆ, ಅವರು ಕಂಡ್ಕೊಂಡಿದ್ದು ಏನಂದ್ರೆ ಕೂರೋಕೆ ಜಾಗ ಇರೋ ಕಡೆ ಜನ ಕೂರ್ತಾರೆ. ಕೇಳಿದಾಗ ನಗು ಬಂತು, ಇದಕ್ಕೂ ರಿಸರ್ಚ್ ಬೇಕಾ ಅಂತ. ನಮ್ಮ ಚುಕ್ಕಿ ನೋಡಿದ್ಮೇಲೆ ನಗು ನಿಂತ್ಹೋಯ್ತು, ಪಕ್ಕದ ಫುಟ್‌ಪಾತಲ್ಲಿ ಸಾಲಾಗಿ ಹಾಕಿದ್ದ ಬೆಂಚ್ ಎಲ್ಲಾ ಖಾಲಿ, ಜನ ಎಲ್ಲಾ ಮರದ ಕೆಳಗಿನ ಮೊಣಕಾಲೆತ್ತರದ ಗೋಡೆ ಮೇಲೆ. ಬೆಂಚಿಗೆ ನೆರಳಿಲ್ಲ, ಮುಖಾನೂ ಗೋಡೆ ಕಡೆ. ಯಾರೋ ಪುಣ್ಯಾತ್ಮರು ಪ್ಲಾನ್ ಶೀಟಲ್ಲಿ ಲೈನಾಗಿ ಕಾಣ್ಲಿ ಅಂತ ಹಾಕಿರೋದು.

ಕೇಸ್ ಸ್ಟಡಿ ಭಾಗ ಸುಮಾರಾಗಿತ್ತು. ಹನ್ನೊಂದು ಜನದಲ್ಲಿ ಆರು ಜನ ನ್ಯೂಯಾರ್ಕಿನ ಹೈ ಲೈನೇ ತಗೊಂಡ್ರು, 2009ರಲ್ಲಿ ಶುರುವಾದ ಹಳೇ ಗೂಡ್ಸ್ ರೈಲಿನ ಮೇಲ್ಸೇತುವೆ ಪಾರ್ಕ್. ಚೆನ್ನಾಗಿದೆ ಇಲ್ಲ ಅನ್ನಲ್ಲ, ಆದ್ರೆ ನಮ್ಮ ಸೈಟ್ ನೆಲದ ಮೇಲಿದೆ ಮಾರಾಯ್ರೇ! ನಾನು ತಗೊಂಡಿದ್ದು ಅದೇ ಊರಿನ ಪೇಲಿ ಪಾರ್ಕ್, 1967ರದ್ದು, ಮೂರು ಕಡೆ ಕಟ್ಟಡ, ಹೆಚ್ಚು ಅಂದ್ರೆ 390 ಚದರ ಮೀಟರ್. ಹಿಂದುಗಡೆ ಗೋಡೆ ತುಂಬಾ ಸುರಿಯೋ ನೀರು ರಸ್ತೆ ಸದ್ದನ್ನ ಮುಚ್ಚುತ್ತೆ, ಕುರ್ಚಿಗಳನ್ನ ಬೇಕಾದ ಕಡೆ ಎಳ್ಕೊಂಡು ಕೂರ್ಬಹುದು. ಅದನ್ನ ಸ್ಕೇಲಿಗೆ ಬರೆದು ನನ್ನ ಪ್ಲಾನ್ ಮೇಲೆ ಇಟ್ಟಾಗ ಗೊತ್ತಾಯ್ತು, ನನ್ನ ಒಂದು ಪ್ಲಾಝಾ ಒಳಗೆ ಅಂಥವು ಮೂರು ಹಿಡೀತವೆ. ನಮ್ಮ ಪ್ಲಾಝಾ ಯಾಕೆ ಭಣಗುಟ್ಟುತ್ತೆ ಅಂತ ಆಮೇಲೆ ಯಾರೂ ವಿವರಿಸಬೇಕಾಗಿ ಬರ್ಲಿಲ್ಲ.

ಎರಡನೇ ಪ್ರಾಜೆಕ್ಟ್ ಅರ್ಬನ್ ಡಿಸೈನ್, ಹನ್ನೆರಡು ಹೆಕ್ಟೇರ್, ನಾಲ್ಕು ಜನದ ಗ್ರೂಪ್. ಎತ್ತು ಏರಿಗೆಳೆದ್ರೆ ಕೋಣ ನೀರಿಗೆ ಅನ್ನೋದನ್ನ ಪ್ರಾಕ್ಟಿಕಲ್ಲಾಗಿ ನೋಡ್ಬೇಕಂದ್ರೆ ಇಂಥ ಗ್ರೂಪ್ ಸೇರಿ. ಶುರು ಚೆನ್ನಾಗೇ ಇತ್ತು, ಕಟ್ಟಡ ಎಲ್ಲಾ ಕಪ್ಪು, ಖಾಲಿ ಜಾಗ ಎಲ್ಲಾ ಬಿಳಿ ಅಂತ ಮ್ಯಾಪ್ ಮಾಡ್ಸಿದ್ರು. 1748ರಲ್ಲಿ ನೊಲ್ಲಿ ಅನ್ನೋರು ಮಾಡಿದ ರೋಮ್ ನಕ್ಷೆ ತೋರ್ಸಿದ್ರು, ಅದರಲ್ಲಿ ಬೀದಿ ಮಾತ್ರ ಅಲ್ಲ, ಚರ್ಚಿನ ಒಳಗಡೇನೂ ಬಿಳಿ, ಯಾರು ಬೇಕಾದ್ರೂ ಹೋಗ್ಬಹುದು ಅಂತ. ನಾವೂ ಹಾಗೆ ಮಾಡೋಣ ಅಂತ ಕೂತ್ರೆ ಅರ್ಧ ದಿನ ಜಗಳ. ಗೇಟ್ ಇರೋ ಪಾರ್ಕ್ ಬಿಳೀನಾ ಕಪ್ಪಾ? ರಾತ್ರಿ ಬೀಗ ಹಾಕ್ತಾರಲ್ಲ? ಮಾಲ್ ಒಳಗಡೆ? ಗಾರ್ಡ್ ಮುಖ ನೋಡಿ ಒಳಗೆ ಬಿಡ್ತಾನಲ್ಲ, ಅದು ಯಾವ ಬಣ್ಣ? ಕೊನೆಗೆ ಬೂದು ಅಂತ ಒಂದು ಬಣ್ಣ ಸೇರಿಸಿದ್ವಿ, ನೋಡ್ತಾ ನೋಡ್ತಾ ಮ್ಯಾಪ್ ಮುಕ್ಕಾಲು ಭಾಗ ಬೂದು ಆಯ್ತು. ಆ ಜಗಳ ಒಂದು ಲೆಕ್ಚರಿಗಿಂತ ಜಾಸ್ತಿ ಕಲಿಸ್ತು.

ಆಮೇಲೆ ಕೆಲಸ ಹಂಚ್ಕೊಂಡು ಒಬ್ಬೊಬ್ಬರು ಕಾಲು ಕಾಲು ಭಾಗ ಬರೆದು ತಂದ್ವಿ. ಟೇಬಲ್ ಮೇಲೆ ನಾಲ್ಕು ಶೀಟ್ ಜೋಡಿಸಿದ್ರೆ ನನ್ನ 18 ಮೀಟರ್ ರಸ್ತೆ ಪಕ್ಕದ ಶೀಟಿಗೆ ಹೋಗೋವಾಗ 12 ಮೀಟರ್ ಆಗಿದೆ. ಗೈಡ್ ಸರ್ ಶೀಟಿನ ಅಂಚಿನ ಮೇಲೆ ಬೆರಳಿಟ್ಟು "ಇಲ್ಲಿ ಆರು ಮೀಟರ್ ಎಲ್ಲಿ ಹೋಯ್ತಪ್ಪಾ?" ಅಂದ್ರು, ನಾಲ್ಕು ಜನಾನೂ ನೆಲ ನೋಡಿದ್ವಿ. ನೆಗಾಡ್ಕೊಂಡ್ರೂ ಪರವಾಗಿಲ್ಲ, ಆದ್ರೆ ನಿಜವಾದ ಊರಲ್ಲೂ ಹೀಗೇ ಆಗೋದು ಅಲ್ವಾ, ಒಂದು ಇಲಾಖೆ ರಸ್ತೆ ಮಾಡುತ್ತೆ, ಇನ್ನೊಂದು ಚರಂಡಿ ಮಾಡುತ್ತೆ, ಅಂಚಲ್ಲಿ ಕಾಲು ಉಳುಕಿಸ್ಕೊಳ್ಳೋರು ಬೇರೆ ಯಾರೋ.

ಈಗ ಬೈಗುಳ.

ಒಂದು, ಗಿಡಮರದ ಪಾಠ ಒಂದೇ ವಾರ. ಲ್ಯಾಂಡ್‌ಸ್ಕೇಪ್ ಅಂತ ಕೋರ್ಸಿನ ಹೆಸರಲ್ಲೇ ಇಟ್ಕೊಂಡು ಇದೇನು ನ್ಯಾಯ? ಮೇಡಂ ಒಂದ್ಸಲ ಕೇಳಿದ್ರು, ನಿನ್ನ ಈ ಮರ ನೆಟ್ಟ ದಿನ ಎಷ್ಟೆತ್ತರ, ಹತ್ತು ವರ್ಷಕ್ಕೆ ಎಷ್ಟು, ಇದರ ಬೇರು ಎಲ್ಲಿಗೆ ಹೋಗುತ್ತೆ, ಕೆಳಗೆ ಪಾರ್ಕಿಂಗ್ ಸ್ಲ್ಯಾಬ್ ಬರ್ದಿದೀಯಲ್ಲ ಅಂತ. ಒಂದೇ ಸೆಕ್ಷನ್ನನ್ನ, ಅಂದ್ರೆ ಜಾಗಾನ ಸೀಳಿ ಪಕ್ಕದಿಂದ ನೋಡಿದ ಹಾಗಿರೋ ಚಿತ್ರಾನ, ಮರದ ಮೂರು ವಯಸ್ಸಲ್ಲಿ ಬರ್ಸಿದ್ರು, ನೆಟ್ಟ ವರ್ಷದ್ದರಲ್ಲಿ ನನ್ನ ತೋಪು ಕಡ್ಡಿ ನಿಲ್ಲಿಸಿದ ಹಾಗಿತ್ತು, ನೆರಳು ಅನ್ನೋದೇ ಇಲ್ಲ. ಇಂಥದ್ದು ಇನ್ನೂ ನಾಲ್ಕು ವಾರ ಬೇಕಿತ್ತು, ಅಷ್ಟರಲ್ಲಿ ಪ್ರಾಜೆಕ್ಟ್ ಮುಗಿಸಿ ಎಬ್ಬಿಸಿದ್ರು.

ಇನ್ನೊಂದು, ಕೊನೇ ಮೂರು ವಾರ. ಡಿಸೈನ್ ನಿಂತೇಹೋಯ್ತು, ಬರೀ ರೆಂಡರಿಂಗ್, ಅಂದ್ರೆ ಕಟ್ಟಿ ಮುಗಿದ ಹಾಗೆ ಕಾಣೋ ಬಣ್ಣದ ಚಿತ್ರ. ಬಲೂನ್ ಹಿಡಿದ ಮಗು, ಸೈಕಲ್ ಹುಡುಗಿ, ಯಾವ ಊರಲ್ಲೂ ಇಲ್ಲದ ಬಿಸಿಲು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ ಹಾಗೆ. ಪ್ರಿಂಟ್ ಕ್ಯೂ, ಕ್ರ್ಯಾಶ್ ಆದ ಫೈಲ್, ರಾತ್ರಿಯೆಲ್ಲ ಫೋಮ್ ಬೋರ್ಡ್ ಕೊಯ್ಯೋದು. 1:500 ಮಾಡೆಲ್, ಅಂದ್ರೆ ನಿಜದ್ದಕ್ಕಿಂತ 500 ಪಟ್ಟು ಚಿಕ್ಕದು, ಒಂದು ಕಾಂಟೂರಿಗೆ ಒಂದು ಮಿಲಿಮೀಟರ್ ಶೀಟ್ ಹಾಕ್ಬೇಕು, ನಾನು ನಿದ್ದೆಗಣ್ಣಲ್ಲಿ ಎರಡು ಮಿಲಿಮೀಟರಿಂದು ಹಾಕಿ ಸೈಟನ್ನ ಬೆಟ್ಟ ಮಾಡಿಟ್ಟೆ, ಬೆಳಗಿನ ಜಾವ ನಾಲ್ಕಕ್ಕೆ ಎಲ್ಲಾ ಕಿತ್ತು ಮತ್ತೆ ಅಂಟಿಸಿದೆ. ನಿದ್ದೆಗೆಡೋದನ್ನೇ ದೊಡ್ಡಸ್ತಿಕೆ ಅನ್ನೋ ಥರ ಮಾತಾಡ್ತಾರೆ ಅಲ್ಲಿ, ಅದು ನಂಗೆ ಸ್ವಲ್ಪಾನೂ ಹಿಡಿಸ್ಲಿಲ್ಲ. ಕೈ ಕೊಯ್ಕೊಂಡಿದ್ದೂ ಆವತ್ತೇ.

ಜ್ಯೂರಿ ಶುರುವಾಗಿದ್ದು ಮೂರು ಗಂಟೆ ಲೇಟು. ನನ್ನ ಸರದಿ ಬರೋ ಹೊತ್ತಿಗೆ ಹೊರಗಿಂದ ಬಂದ ಇಬ್ಬರಲ್ಲಿ ಒಬ್ಬರು ಗಡಿಯಾರ ನೋಡ್ತಿದ್ರು, ಸಿಕ್ಕಿದ್ದು ಏಳೇ ನಿಮಿಷ. ಒಬ್ಬರು ಮಳೆ ಬಯಲು ಇನ್ನೂ ದೊಡ್ಡದಿರ್ಲಿ ಅಂದ್ರು, ಇನ್ನೊಬ್ಬರು ಅದು ಬೇಕಾ ಅಂದ್ರು, ನಮ್ಮ ಸರ್ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಎರಡೂ ಸರಿ ಅಂದ್ಬಿಟ್ರು. ಹದಿನಾರು ವಾರದ ಕೆಲಸಕ್ಕೆ ಏಳು ನಿಮಿಷ. ಸೆಕ್ಷನ್ ಶೀಟ್ ಹತ್ರ ಯಾರೂ ಬರ್ಲೇ ಇಲ್ಲ, ಬಲೂನ್ ಮಗು ಮಾತ್ರ ಎಲ್ಲರಿಗೂ ಕಾಣ್ತು. ಅದಕ್ಕೇ ಒಂದು ಮಾರ್ಕ್ ಕಟ್.

ಯಾರಿಗೆ ಸರಿಹೋಗುತ್ತೆ ಅಂದ್ರೆ, ಬರೆದಿದ್ದನ್ನ ಅಳಿಸೋಕೆ ಬೇಜಾರಿಲ್ಲದವರಿಗೆ. ಸಾಫ್ಟ್‌ವೇರ್ ಕಲಿಯೋಕೆ ಅಂತ ಹೋಗ್ಬೇಡಿ, ಅದು ಮನೇಲೂ ಬರುತ್ತೆ. ಸೇರೋ ಮುಂಚೆ ಕ್ಯಾಂಪಸ್, ಪ್ರಿಂಟರ್, ಹಳಬರ ರೆಂಡರಿಂಗ್ ಎಲ್ಲಾ ತೋರಿಸ್ತಾರೆ, ನೋಡಿ, ಆದ್ರೆ ಆಫೀಸಲ್ಲಿ ಒಂದು ಪ್ರಶ್ನೆ ಮರೀದೆ ಕೇಳಿ: ಒಬ್ಬ ಗೈಡಿಗೆ ಎಷ್ಟು ಜನ? ನಮ್ಮಲ್ಲಿ ಹನ್ನೊಂದು, ವಾರಕ್ಕೆರಡು ದಿನ ನಾಲ್ಕು ನಾಲ್ಕು ಗಂಟೆ, ಹಾಗಾಗಿ ತಲೆಗೆ ಇಪ್ಪತ್ತು ನಿಮಿಷ ಸಿಕ್ತಿತ್ತು. ಮುಂದಿನ ಬ್ಯಾಚಿಗೆ ಹದಿನೆಂಟು ತಗೋತಾರಂತೆ, ಗೈಡ್ ಅಷ್ಟೇ ಜನ. ಅಂದ್ರೆ ಹದಿಮೂರು ನಿಮಿಷ, ಕಾಂಟೂರ್ ಎಣಿಸೋಷ್ಟರಲ್ಲಿ ಎದ್ದು ಮುಂದಿನ ಟೇಬಲಿಗೆ ಹೋಗಿರ್ತಾರೆ. ಹಾಗಾದ್ರೆ ನನ್ನ ನಾಲ್ಕು ಸ್ಟಾರನ್ನ ಎರಡೂವರೆ ಅಂತ ಓದ್ಕೊಳಿ.