ವಾಟ್ಸಾಪ್‌ನ ಸೇಫ್ಟಿ ಸೆಟ್ಟಿಂಗ್‌ಗಳು: ವರ್ಷಗಟ್ಟಲೆ ಬಳಸಿದ ಮೇಲೆ ಅನ್ನಿಸಿದ್ದು

ಮೆಸೇಜ್ ಸರಿಯಾಗಿ ಹೋಗುತ್ತಾ, ಕಾಲ್ ಸಿಗುತ್ತಾ ಅಂತ ವಾಟ್ಸಾಪ್ ಬಗ್ಗೆ ಈಗ ಯಾರಿಗೂ ಹೇಳಬೇಕಾಗಿಲ್ಲ. ಅದರೊಳಗಿನ ಸುರಕ್ಷತೆಯ ಸೌಲಭ್ಯಗಳ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಒಂದೊಂದೂ ಬಂದಂತೆಲ್ಲ ಆನ್ ಮಾಡಿಕೊಂಡು ನನ್ನ ಫೋನಲ್ಲೂ ಮನೆಯ ಹಿರಿಯರ ಫೋನಲ್ಲೂ ಬಳಸುತ್ತಾ ಬಂದಿದ್ದೇನೆ. ಸೌಲಭ್ಯಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಮುಖ್ಯವಾದ ಕೆಲವನ್ನು ನಾವೇ ಹುಡುಕಿ ಆನ್ ಮಾಡಬೇಕು. ಯಾರಿಗೆ ಅವು ಜಾಸ್ತಿ ಬೇಕೋ ಅವರು ಸೆಟ್ಟಿಂಗ್ಸ್ ಒಳಗೆ ಹೋಗುವುದೇ ಇಲ್ಲ.

ಮೊದಲು ಟೂ-ಸ್ಟೆಪ್ ವೆರಿಫಿಕೇಷನ್, ಅಂದರೆ ಅಕೌಂಟಿಗೆ ನಾವೇ ಇಡುವ ಆರು ಅಂಕಿಯ ಪಿನ್. 2017ರಲ್ಲಿ ಬಂದದ್ದು, ಇದಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಅಕೌಂಟ್ ಕದಿಯುವವರು ಹೇಗೆ ಕದಿಯುತ್ತಾರೆ ನೋಡಿ. ತಮ್ಮ ಫೋನಲ್ಲಿ ವಾಟ್ಸಾಪ್ ಹಾಕಿಕೊಂಡು ನಿಮ್ಮ ನಂಬರ್ ಕೊಡುತ್ತಾರೆ. ಆರು ಅಂಕಿಯ ಕೋಡ್ ನಿಮ್ಮ ಫೋನಿಗೆ ಎಸ್ಸೆಮ್ಮೆಸ್ ಆಗಿ ಬರುತ್ತದೆ. ಅದರ ಹಿಂದೆಯೇ ಪರಿಚಯದವರಿಂದ ಒಂದು ಮೆಸೇಜ್: ‘ತಪ್ಪಿ ನಿಮ್ಮ ನಂಬರಿಗೆ ಒಂದು ಕೋಡ್ ಬಂದಿದೆ, ಸ್ವಲ್ಪ ಕಳಿಸ್ತೀರಾ?’ ಆ ಪರಿಚಯದವರ ಅಕೌಂಟೂ ಹೀಗೆಯೇ ಹೋಗಿರುತ್ತದೆ. ಹಾಗಾಗಿ ನಂಬರ್, ಫೋಟೊ, ಮೇಲಿನ ಹಳೆಯ ಮಾತುಕತೆ ಎಲ್ಲ ಅವರದ್ದೇ. ಅನುಮಾನ ಬರುವುದಾದರೂ ಹೇಗೆ? ಕಳಿಸಿದರೆ ಮುಗಿಯಿತು, ನಿಮ್ಮ ಫೋನಲ್ಲಿ ವಾಟ್ಸಾಪ್ ಲಾಗ್ ಔಟ್ ಆಗುತ್ತದೆ. ಆಮೇಲೆ ‘ಅರ್ಜೆಂಟಾಗಿ ದುಡ್ಡು ಬೇಕಿತ್ತು’ ಅಂತ ನಿಮ್ಮ ಹೆಸರಲ್ಲಿ ನಿಮ್ಮವರಿಗೆಲ್ಲ ಮೆಸೇಜ್ ಹೋಗುತ್ತದೆ.

ಪಿನ್ ಇಟ್ಟಿದ್ದರೆ ಆ ಕೋಡ್ ಕೈಸೇರಿದರೂ ಸಾಲದು. ನೀವೇ ಇಟ್ಟ ಇನ್ನೊಂದು ಆರು ಅಂಕಿ ಬೇಕು. ಪಿನ್ ಜೊತೆ ಇಮೇಲ್ ಕೂಡ ಕೊಟ್ಟಿರಿ. ಪಿನ್ ಮರೆತು ಇಮೇಲೂ ಇಲ್ಲದಿದ್ದರೆ 7 ದಿನ ಕಾಯಬೇಕಾಗುತ್ತದೆ. ಮರೆಯದಿರಲಿ ಅಂತ ಆಪ್ ಆಗಾಗ ತಾನೇ ಪಿನ್ ಕೇಳುತ್ತದೆ. ‘ಮತ್ತೆ ಏನೋ ಕೇಳ್ತಿದೆ ನೋಡು’ ಅಂತ ಹಿರಿಯರು ಕರೆಯುತ್ತಾರೆ. ಇಷ್ಟು ಕಿರಿಕಿರಿ ಇರಲಿ, ಪರವಾಗಿಲ್ಲ.

ಅಕೌಂಟ್ ಈಗಾಗಲೇ ಹೋಗಿದ್ದರೆ ಗಾಬರಿಯಾಗಬೇಡಿ. ನಿಮ್ಮ ನಂಬರಿನಿಂದ ಮತ್ತೆ ರಿಜಿಸ್ಟರ್ ಮಾಡಿ. ಹೊಸ ಕೋಡ್ ಹಾಕಿದ ಕೂಡಲೇ ಕಳ್ಳ ಹೊರಗೆ ಬೀಳುತ್ತಾನೆ. ಅವನು ಪಿನ್ ಇಟ್ಟುಬಿಟ್ಟಿದ್ದರೆ ನೀವು 7 ದಿನ ಕಾಯಬೇಕು, ಆದರೆ ಆ ದಿನಗಳಲ್ಲಿ ಅವನಿಗೂ ಅಕೌಂಟ್ ಸಿಗುವುದಿಲ್ಲ.

ಪಿನ್ ತಡೆಯದ ಒಂದು ದಾರಿಯೂ ಇದೆ: ಲಿಂಕ್ಡ್ ಡಿವೈಸಸ್. ಫೋನಿನ ಜೊತೆ ಇನ್ನೂ ನಾಲ್ಕು ಸಾಧನ ಜೋಡಿಸಬಹುದು. ಯಾರೋ ಮೋಸದಿಂದ ಕ್ಯೂಆರ್ ಸ್ಕ್ಯಾನ್ ಮಾಡಿಸಿಕೊಂಡರೆ ನಿಮ್ಮ ಫೋನಲ್ಲಿ ವಾಟ್ಸಾಪ್ ಎಂದಿನಂತೆಯೇ ನಡೆಯುತ್ತಿರುತ್ತದೆ, ಅವರು ಕೂತು ಓದುತ್ತಿರುತ್ತಾರೆ. ಆ ಪಟ್ಟಿಯನ್ನು ಆಗಾಗ ತೆರೆದು ನೋಡುವುದೇ ಉಪಾಯ. ಗುರುತಿಲ್ಲದ್ದು ಕಂಡರೆ ಅಲ್ಲೇ ಲಾಗ್ ಔಟ್ ಮಾಡಿ.

ಇನ್ನು ಫಾರ್ವರ್ಡ್ ವಿಷಯ. 2018ರಲ್ಲಿ ‘ಫಾರ್ವರ್ಡೆಡ್’ ಅನ್ನುವ ಗುರುತು ಬಂತು. 2019ರಲ್ಲಿ ಎಲ್ಲ ದೇಶಗಳಲ್ಲೂ ಒಂದು ಸಲಕ್ಕೆ ಐದು ಚಾಟ್‌ಗಳ ಮಿತಿ ಹಾಕಿದರು. ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದದ್ದಕ್ಕೆ ಎರಡು ಬಾಣದ ಗುರುತು ಇರುತ್ತದೆ. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಇದರಿಂದ ಅಂಥ ಮೆಸೇಜುಗಳು ಶೇ 70ರಷ್ಟು ಕಡಿಮೆಯಾದವು ಅಂತ ಕಂಪನಿಯೇ ಹೇಳಿತ್ತು. ಒಳ್ಳೆಯ ಕೆಲಸ, ಮೆಚ್ಚಲೇಬೇಕು.

ಆದರೆ ಆ ಗುರುತನ್ನು ಜನ ಹೇಗೆ ಓದುತ್ತಾರೆ ಅನ್ನುವುದು ನನ್ನ ಚಿಂತೆ. ‘ಇಷ್ಟೊಂದು ಜನ ಕಳಿಸಿದ್ದಾರೆ ಅಂದ್ರೆ ನಿಜಾನೇ ಇರಬೇಕು’ ಅನ್ನುವವರನ್ನು ನೋಡಿದ್ದೇನೆ. ಗುರುತಿನ ಉದ್ದೇಶಕ್ಕೆ ತೀರ ಉಲ್ಟಾ, ಅಲ್ವಾ? 2016ರಿಂದ ಮೆಸೇಜುಗಳು ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಕಳಿಸಿದವರು ಮತ್ತು ಪಡೆದವರು ಬಿಟ್ಟು ಬೇರೆಯವರಿಗೆ ಓದಲಾಗದ ಹಾಗೆ ಹೋಗುವುದರಿಂದ ಒಳಗೆ ಏನು ಬರೆದಿದೆ ಅಂತ ಆಪ್ ನೋಡುವುದಿಲ್ಲ. ಎಷ್ಟು ಕೈ ದಾಟಿದೆ ಅಂತ ಮಾತ್ರ ಎಣಿಸುತ್ತದೆ. ಅದೇ ಮಾತನ್ನು ಕಾಪಿ ಮಾಡಿ ಪೇಸ್ಟ್ ಮಾಡಿದರೆ, ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಎಣಿಕೆಯೂ ಹೋಯಿತು, ಗುರುತೂ ಹೋಯಿತು. ಸೊಸೆಯೋ ಮೊಮ್ಮಗನೋ ಸ್ವತಃ ಬರೆದು ಕಳಿಸಿದ ಹಾಗೆ ಕಾಣುತ್ತದೆ. ಬಾಣ ಇಲ್ಲ ಅಂದರೆ ಸುದ್ದಿ ನಂಬಬಹುದು ಅಂತಲ್ಲ ಅನ್ನುವುದನ್ನು ಮನೆಯಲ್ಲಿ ಹೇಳಿಕೊಡಲೇಬೇಕು.

ಉಳಿದವು ಚಿಕ್ಕವು. ಗ್ರೂಪಿಗೆ ನಮ್ಮನ್ನು ಯಾರು ಸೇರಿಸಬಹುದು ಅನ್ನುವುದನ್ನು ಮೈ ಕಾಂಟ್ಯಾಕ್ಟ್ಸ್‌ಗೆ ಬದಲಿಸಿ. ಸುಮ್ನೆ ಬಂದು ಬೀಳುವ ಹೂಡಿಕೆ ಗ್ರೂಪುಗಳ ಕಾಟ ತುಂಬಾ ತಗ್ಗುತ್ತದೆ. 2023ರಲ್ಲಿ ಬಂದ ಸೈಲೆನ್ಸ್ ಅನ್‌ನೋನ್ ಕಾಲರ್ಸ್ ಕೂಡ ಒಳ್ಳೆಯದು. ಕಾಲ್ ಪಟ್ಟಿಯಲ್ಲಿ ಉಳಿಯುತ್ತದೆ, ರಿಂಗ್ ಮಾತ್ರ ಆಗುವುದಿಲ್ಲ. ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ 2021ರಿಂದ ಇದೆ, ಅದನ್ನು ಬೇರೆಯಾಗಿ ಆನ್ ಮಾಡಬೇಕು. ಪಾಸ್‌ವರ್ಡ್ ಹಾಕಿದರೆ ಎಲ್ಲಾದರೂ ಬರೆದಿಡಿ. ಕಳೆದುಹೋದರೆ ಬ್ಯಾಕಪ್ ತೆರೆದುಕೊಡಲು ವಾಟ್ಸಾಪ್‌ನವರಿಗೂ ಆಗುವುದಿಲ್ಲ.

5ಕ್ಕೆ 4 ಕೊಡುತ್ತೇನೆ. ನಂಬರ್ ಹಾಕಿ ಅಕೌಂಟ್ ತೆರೆಯುವ ಹೊತ್ತಲ್ಲೇ ‘ಒಂದು ಪಿನ್ ಇಡಿ’ ಅಂತ ಎಲ್ಲರಿಗೂ ಕಡ್ಡಾಯವಾಗಿ ಕೇಳುವ ದಿನ ಉಳಿದ ಒಂದನ್ನೂ ಸಂತೋಷದಿಂದ ಸೇರಿಸುತ್ತೇನೆ.