ಟ್ರಾನ್ಸ್‌ಡ್ಯೂಸರ್ ಎಲ್ಲಿ ಕೂರಿಸಬೇಕು? ನಾಲ್ಕು ಜಾಗ ಹಚ್ಚಿ ನೋಡಿದ ಮೇಲೆ

ಕಾರವಾರದ ಕಾಳಿ ಅಳಿವೆ. ಇಳಿತದ ಹೊತ್ತು. ಸಮುದ್ರದಿಂದ ಒಳಗೆ ಬರುತ್ತಿದ್ದೆ. ಎಡಕ್ಕೆ ದೇವಬಾಗದ ಮರಳು, ಬಲಕ್ಕೆ ಕೋಡಿಬಾಗ. ನೀರಿನ ಆಳ ಅಳೆಯುವ ಸೌಂಡರ್ ಪರದೆಯಲ್ಲಿ 3.4 ಮೀಟರ್ ಅಂತ ತೋರಿಸುತ್ತಿತ್ತು. ಮೂರು ಮೀಟರ್ ನೀರಿದ್ದ ಮೇಲೆ ಭಯ ಯಾಕೆ ಅಂತ ಎಂಜಿನ್ ವೇಗ ಇಳಿಸಲಿಲ್ಲ. ಒಮ್ಮೆಲೇ ಎಂಜಿನ್ನಿನ ಕಾಲು, ಅಂದರೆ ನೀರಿಗೆ ಇಳಿದ ಪ್ರೊಪೆಲ್ಲರ್ ಭಾಗ, ಮರಳಿಗೆ ತಾಗಿ ಮೇಲೆ ಎಗರಿತು. ಹಿಂದೆ ನೋಡಿದರೆ ನೀರೆಲ್ಲ ಕೆಸರು ಬಣ್ಣ. ಪರದೆಯಲ್ಲಿ ಆಗಲೂ ಅದೇ 3.4.

ಆಮೇಲೆ ಸರಿಯಾಗಿ ನೋಡಿದೆ. ಆ ಅಂಕಿ ಮಿಣುಕುತ್ತಿತ್ತು. ತಳ ಸಿಗದೆ ಹೋದಾಗ ನನ್ನ ಸೌಂಡರ್ ಕೊನೆಗೆ ಸಿಕ್ಕ ಅಂಕಿಯನ್ನೇ ಮಿಣುಕಿಸುತ್ತಾ ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ನಾನು ನೋಡುತ್ತಿದ್ದುದು ಹಿಂದೆಲ್ಲೋ ದಾಟಿ ಬಂದ ಜಾಗದ ಆಳ. ಸೌಂಡರ್ ಕೆಟ್ಟಿರಲಿಲ್ಲ. ಅದರ ಟ್ರಾನ್ಸ್‌ಡ್ಯೂಸರ್ ಕೂರಿಸಿದ ಜಾಗ ತಪ್ಪಾಗಿತ್ತು.

ಅಲ್ಲಿಂದ ಮೂರು ಸೀಸನ್ ನಾನು ಇದರ ಹಿಂದೆಯೇ ಬಿದ್ದೆ. ನನ್ನದು 24 ಅಡಿಯ ಫೈಬರ್ ದೋಣಿ, 40 ಎಚ್‌ಪಿ ಔಟ್‌ಬೋರ್ಡ್. ಔಟ್‌ಬೋರ್ಡ್ ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್. ಈ ದೋಣಿಯ ಮೇಲೆ ಮೂರು ಜಾಗ ಹಚ್ಚಿ ನೋಡಿದೆ. ನಾಲ್ಕನೆಯದನ್ನು ತದಡಿಯಲ್ಲಿರುವ ನಮ್ಮ ಭಾವನ ಮರದ ಟ್ರಾಲ್ ಬೋಟಿನಲ್ಲಿ ನೋಡಿದೆ, ಕೂರಿಸುವಾಗ ಜೊತೆಗಿದ್ದೆ.

ಮೊದಲು ಒಂದು ಮಾತು. ಟ್ರಾನ್ಸ್‌ಡ್ಯೂಸರ್ ಅಂದರೆ ಕೆಳಗೆ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಕೇಳಿಸಿಕೊಳ್ಳುವ ಒಂದು ಗುಂಡಿ, ಅಷ್ಟೇ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 20 ಮೀಟರ್ ಆಳಕ್ಕೆ ಹೋಗಿ ವಾಪಸ್ ಬರಲು ಸೆಕೆಂಡಿನ ನೂರರಲ್ಲಿ ಮೂರು ಪಾಲೂ ಬೇಡ. ಅದು ನೀರಿನಲ್ಲಿ ಚೆನ್ನಾಗಿ ಹೋಗುತ್ತದೆ, ಗಾಳಿ ಅಡ್ಡ ಬಂದರೆ ಅಲ್ಲೇ ತಿರುಗಿಬಿಡುತ್ತದೆ. ಟ್ರಾನ್ಸ್‌ಡ್ಯೂಸರ್ ಮುಖದ ಕೆಳಗೆ ತೆಳ್ಳಗೆ ನೊರೆ ಹರಿದರೂ ಸಾಕು, ಅದು ಕುರುಡು. ಹಾಗಾಗಿ ನಾವು ಹುಡುಕಬೇಕಾದದ್ದು ಒಂದೇ: ನಮ್ಮ ದೋಣಿ ನಮ್ಮ ವೇಗದಲ್ಲಿ ಓಡುವಾಗ ತಳದಲ್ಲಿ ಎಲ್ಲಿ ನೊರೆ ಇಲ್ಲ?

ಎಲ್ಲರೂ ಮೊದಲು ಹಚ್ಚುವುದು ಹಿಂಬದಿ ಹಲಗೆಗೆ, ಟ್ರಾನ್ಸಮ್ ಅಂತಾರಲ್ಲ, ಅಲ್ಲಿಗೆ. ಪೆಟ್ಟಿಗೆಯಲ್ಲಿ ಬ್ರಾಕೆಟ್ ಇರುತ್ತದೆ, ನಾಲ್ಕು ಸ್ಕ್ರೂ ಹಾಕಿದರೆ ಮುಗಿಯಿತು. ನನ್ನದನ್ನು ಕೂರಿಸಿಕೊಟ್ಟವರು ಜಾಗ ಸಿಕ್ಕ ಕಡೆ ಕೂರಿಸಿದ್ದರು. ಸರಿಯಾಗಿ ಅದರ ಮುಂದೆ ತಳದಲ್ಲಿ ಉದ್ದಕ್ಕೆ ಒಂದು ಏಣು. ದೋಣಿ ಓಡುವಾಗ ಆ ಏಣಿನ ಗುಂಟ ಗಾಳಿ ಎಳೆದುಕೊಂಡು ಬಂದು ಟ್ರಾನ್ಸ್‌ಡ್ಯೂಸರ್ ಮೇಲೆಯೇ ಸುರಿಯುತ್ತಿತ್ತು. ಎಂಟು ಒಂಬತ್ತು ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೊಮೀಟರ್) ದಾಟಿದ ಕೂಡಲೇ ತಳ ಮಾಯ. ಅಳಿವೆಯಲ್ಲಿ ನನಗೆ ಆದದ್ದು ಇದೇ.

ಸೂಚನೆ ಪುಸ್ತಕ ಓದಿ ಜಾಗ ಬದಲಿಸಿದೆ. ಏಣುಗಳ ನಡುವೆ, ತಳ ನುಣ್ಣಗಿರುವ ಕಡೆ. ಪ್ರೊಪೆಲ್ಲರಿನಿಂದ ಕನಿಷ್ಠ 38 ಸೆಂಟಿಮೀಟರ್ ದೂರ. ಬಲಗಡೆ. ಬಲಗಡೆ ಯಾಕೆ ಅಂದರೆ, ಹಿಂದಿನಿಂದ ನೋಡಿದಾಗ ನಮ್ಮ ಹೆಚ್ಚಿನ ಔಟ್‌ಬೋರ್ಡ್ ಪ್ರೊಪೆಲ್ಲರುಗಳು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತವೆ. ಬಲಗಡೆ ರೆಕ್ಕೆ ಕೆಳಗೆ ಇಳಿಯುತ್ತದೆ, ಎಡಗಡೆ ಮೇಲೇರುತ್ತದೆ. ಮೇಲೇರುವ ಕಡೆ ಕಲಕು ಜಾಸ್ತಿ. ಇನ್ನು ಎತ್ತರ. ಫೈಬರ್ ದೋಣಿಯಾದರೆ ತಳದ ಅಂಚಿಗಿಂತ ಸುಮಾರು 3 ಮಿಲಿಮೀಟರ್ ಮಾತ್ರ ಕೆಳಗೆ ಇಳಿದಿರಬೇಕು. ಜಾಸ್ತಿ ಇಳಿಸಿದರೆ ಹಿಂದೆ ನೀರು ಕಾರಂಜಿ ಹಾಗೆ ಚಿಮ್ಮುತ್ತದೆ, ಕಮ್ಮಿ ಇಳಿಸಿದರೆ ನೊರೆಯೊಳಗೇ ಕೂರುತ್ತದೆ. ಮುಖ ಓರೆಯಾಗದೆ ನೀರಿನ ಮಟ್ಟಕ್ಕೆ ಸಮಾನಾಂತರವಾಗಿರಬೇಕು. ಬಾಯಲ್ಲಿ ಹೇಳುವುದು ಸುಲಭ, ಆ ಮೂರು ಮಿಲಿಮೀಟರ್ ಸಿಗಲು ನನಗೆ ಒಂದು ಇಡೀ ಭಾನುವಾರ ಬೇಕಾಯಿತು.

ಸರಿ ಮಾಡಿದ ಮೇಲೆ ಚಿತ್ರ ಬಹಳ ಚೆನ್ನಾಗಿ ಬಂತು. ಇದನ್ನು ನಾನು ಒಪ್ಪಲೇಬೇಕು. ನನ್ನ ದೋಣಿಯ ಮೂರು ಜಾಗಗಳಲ್ಲಿ ಬಂಗುಡೆ ಗುಂಪನ್ನು ಇಷ್ಟು ಬಿಡಿಸಿ ತೋರಿಸಿದ್ದು ಇದೊಂದೇ. 15 ನಾಟ್ ತನಕ ತಳ ಬಿಡಲಿಲ್ಲ. ನೀರಿನ ಉಷ್ಣತೆಯೂ ನಿಜವಾದದ್ದು ಸಿಗುತ್ತದೆ.

ಆದರೆ ನಾನು ದೋಣಿಯನ್ನು ಬಂದರಿನಲ್ಲಿ ಕಟ್ಟುವವನಲ್ಲ. ಕೋಡಿಬಾಗದ ದಂಡೆಗೆ ಎಳೆದು ಹಾಕುತ್ತೇನೆ. ಅಡ್ಡಗೋಲು ಹಾಕಿ ಹತ್ತು ಜನ ಎಳೆಯುವಾಗ ಹಿಂದೆ ಏನು ನೇತಾಡುತ್ತಿದೆ ಅಂತ ಯಾರು ನೋಡುತ್ತಾರೆ? ಒಂದು ಸೀಸನ್ನಿನಲ್ಲಿ ಎರಡು ಬ್ರಾಕೆಟ್ ಮುರಿದವು. ಒಮ್ಮೆ ಬಲೆಯ ಹಗ್ಗ ಸಿಕ್ಕಿ ಕೇಬಲ್ಲೇ ಕಿತ್ತು ಬಂತು. ಅದಕ್ಕಿಂತ ಬೇಜಾರಿನ ವಿಷಯ ಸ್ಕ್ರೂ ತೂತುಗಳದ್ದು. ಮೊದಲು ಕೂರಿಸಿದವರು ತೂತಿಗೆ ಸೀಲಂಟ್ ಹಚ್ಚಿರಲಿಲ್ಲ. ಹಿಂಬದಿಯ ಫೈಬರ್ ಒಳಗೆ ಪ್ಲೈವುಡ್ ಇರುತ್ತದೆ. ಅದಕ್ಕೆ ನೀರು ಇಳಿದು ಒಂದು ಅಂಗೈ ಅಗಲ ಮೆತ್ತಗಾಗಿತ್ತು. ಸ್ಕ್ರೂ ಬಿಚ್ಚಿದಾಗ ಕಂದು ನೀರು ಒಸರಿತು. ಎಂಜಿನ್ನಿನ ಭಾರವೆಲ್ಲ ಹೊರುವ ಹಲಗೆ ಅದು. ಟ್ರಾನ್ಸಮ್ಮಿಗೆ ಹಚ್ಚುವವರು ದಯವಿಟ್ಟು ಪ್ರತಿ ತೂತಿಗೂ ಪಾಲಿಯುರಥೇನ್ ಮರೀನ್ ಸೀಲಂಟ್ ತುಂಬಿಯೇ ಸ್ಕ್ರೂ ಹಾಕಿ. ಇನ್ನೂ ಒಳ್ಳೆಯದು, ಮೊದಲು ಒಂದು ಪ್ಲಾಸ್ಟಿಕ್ ಹಲಗೆ ಅಂಟಿಸಿ, ಅದಕ್ಕೆ ಬ್ರಾಕೆಟ್ ಹಚ್ಚಿ. ಮುಂದೆ ಜಾಗ ಬದಲಿಸಿದರೂ ದೋಣಿಗೆ ತೂತು ಬೀಳುವುದಿಲ್ಲ.

ಬ್ರಾಕೆಟ್ ಮುರಿದು ಕೂತಿದ್ದಾಗ ಪೈಪಿಗೆ ಕಟ್ಟಿ ಬದಿಯಿಂದ ಇಳಿಬಿಡುವುದನ್ನು ಮಾಡಿದೆ. ಒಂದೂವರೆ ಇಂಚಿನ ಪೈಪು, ದೋಣಿ ಬದಿಗೆ ಎರಡು ಕ್ಲಾಂಪು, ತುದಿಯಲ್ಲಿ ಟ್ರಾನ್ಸ್‌ಡ್ಯೂಸರ್. ಇದರ ಬಗ್ಗೆ ಹೇಳುವುದು ಕಮ್ಮಿ. ನಿಂತಲ್ಲಿ, ತೇಲುವಾಗ, ನಿಧಾನ ಹೋಗುವಾಗ ಚೊಕ್ಕ ಚಿತ್ರ. ಐದಾರು ನಾಟ್ ದಾಟಿದರೆ ಪೈಪು ನಡುಗಲು ಶುರು, ಅಲೆ ಬಂದರೆ ಬಾಗುತ್ತದೆ. ಗಾಳ ಹಾಕುವವರಿಗೆ, ಬಾಡಿಗೆ ದೋಣಿಯಲ್ಲಿ ಹೋಗುವವರಿಗೆ ಸಾಕು. ಅಳಿವೆ ದಾಟಲು ನಂಬಬೇಡಿ.

ಈಗ ನಾನು ಇಟ್ಟುಕೊಂಡಿರುವ ಜಾಗದ ವಿಷಯ. ದೋಣಿಯ ಒಳಗೆ, ತಳಕ್ಕೆ ಅಂಟಿಸಿ, ಫೈಬರ್ ಮೂಲಕವೇ ಶಬ್ದ ಬಿಡುವುದು. ಕೇಳಿದಾಗ ನನಗೆ ನಂಬಿಕೆ ಬರಲಿಲ್ಲ. ತಳಕ್ಕೆ ತೂತೇ ಇಲ್ಲದೆ ಆಳ ಹೇಗೆ ಗೊತ್ತಾಗುತ್ತದೆ? ಆದರೆ ಗಟ್ಟಿ ಫೈಬರಿನಲ್ಲಿ ಶಬ್ದ ದಾಟುತ್ತದೆ. ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಅಷ್ಟೇ. ದಾಟದೆ ಇರುವುದು ನಡುವೆ ಫೋಮ್, ಹಗುರ ಬಾಲ್ಸಾ ಮರ, ಪ್ಲೈವುಡ್ ಇರುವ ತಳದಲ್ಲಿ. ಅವುಗಳ ಒಳಗೆಲ್ಲ ಗಾಳಿಯೇ ಅಲ್ವಾ. ಮರದ ದೋಣಿಗೂ ಇದು ಆಗುವುದಿಲ್ಲ.

ಹಾಗಾಗಿ ಅಂಟಿಸುವ ಮೊದಲು ಪರೀಕ್ಷೆ. ಬೈತಖೋಲ ಬಂದರಿನಲ್ಲಿ ದೋಣಿ ನಿಲ್ಲಿಸಿದೆ. ಮೊದಲು ಟ್ರಾನ್ಸ್‌ಡ್ಯೂಸರನ್ನು ಬದಿಯಿಂದ ನೀರಿಗೆ ಇಳಿಸಿ ಆಳ ನೋಡಿಕೊಂಡೆ. 6.2 ಮೀಟರ್. ಆಮೇಲೆ ಒಂದು ಪ್ಲಾಸ್ಟಿಕ್ ಕೊಟ್ಟೆಗೆ ನೀರು ತುಂಬಿ, ಟ್ರಾನ್ಸ್‌ಡ್ಯೂಸರನ್ನು ಅದರೊಳಗೆ ಇಟ್ಟು, ಬಾಯಿ ಕಟ್ಟಿದೆ. ದೋಣಿಯ ಒಳತಳಕ್ಕೆ ನೀರು ಚಿಮುಕಿಸಿ ಕೊಟ್ಟೆಯನ್ನು ಒತ್ತಿ ಹಿಡಿದೆ. ಮೊದಲ ಜಾಗದಲ್ಲಿ ಏನೂ ಬರಲಿಲ್ಲ. ಅಲ್ಲಿ ಕೆಳಗೆ ಪಟ್ಟಿ ಇತ್ತು. ನಾಲ್ಕು ಬೆರಳು ಹಿಂದೆ ಸರಿಸಿದೆ. 6.2! ನನಗಾದ ಖುಷಿ ಹೇಳಲಾರೆ. ಆ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗುಂಡಗೆ ಗೆರೆ ಎಳೆದೆ. ಹಿಂಭಾಗದಲ್ಲಿ, ನಡುಗೆರೆಗೆ ಹತ್ತಿರ, ದೋಣಿ ವೇಗವಾಗಿ ಓಡುವಾಗಲೂ ನೀರು ಬಿಡದ ಕಡೆ ಅದು.

ಅಂಟಿಸುವುದರಲ್ಲೇ ಇದರ ಜೀವ ಇದೆ. ಮೊದಲ ಸಲ ನಾನು ಐದು ನಿಮಿಷಕ್ಕೆ ಗಟ್ಟಿಯಾಗುವ ಎಪಾಕ್ಸಿ ತಂದಿದ್ದೆ. ಕಲಸುವಾಗಲೇ ಬಿಸಿಯಾಗಿ, ಗುಳ್ಳೆ ಎದ್ದು, ಆ ಗುಳ್ಳೆ ಹೋಗುವ ಮೊದಲೇ ಕಲ್ಲಾಯಿತು. 8 ಮೀಟರ್ ನೀರಿನಲ್ಲೂ ತಳ ಬಿಟ್ಟು ಬಿಟ್ಟು ಹಿಡಿಯುತ್ತಿತ್ತು. ಉಳಿಯಲ್ಲಿ ಎಬ್ಬಿಸಬೇಕಾಯಿತು. ಎರಡನೇ ಸಲ ನಿಧಾನ ಗಟ್ಟಿಯಾಗುವುದನ್ನು ತಂದೆ. 80 ನಂಬರಿನ ಮರಳುಕಾಗದದಲ್ಲಿ ಒಳತಳದ ಬಣ್ಣ, ಮೇಣ ಎಲ್ಲ ಹೋಗಿ ಫೈಬರ್ ನೂಲು ಮಂಕಾಗಿ ಕಾಣುವವರೆಗೆ ಉಜ್ಜಿದೆ. ಅಸಿಟೋನಿನಲ್ಲಿ ಒರೆಸಿದೆ. ಎಪಾಕ್ಸಿಯನ್ನು ಜೋರಾಗಿ ಕಡೆಯದೆ, ಮಗುಚುತ್ತಾ ಕಲಸಿದೆ. ದೋಸೆ ಹಿಟ್ಟು ಹೊಯ್ದ ಹಾಗೆ ಗೆರೆಯೊಳಗೆ ಹೊಯ್ದೆ. ಮೇಲೆದ್ದ ಗುಳ್ಳೆಗಳನ್ನು ಗುಂಡುಸೂಜಿಯಲ್ಲಿ ಒಂದೊಂದೇ ಒಡೆದೆ. ಆಮೇಲೆ ಟ್ರಾನ್ಸ್‌ಡ್ಯೂಸರಿನ ಒಂದು ಅಂಚನ್ನು ಮೊದಲು ಊರಿ, ನಿಧಾನಕ್ಕೆ ಮಲಗಿಸಿ, ತಿರುಪುತ್ತಾ ಒತ್ತಿದೆ. ಸುತ್ತಲೂ ಅಂಟು ಉಕ್ಕಿ ಬಂತು, ಅದರ ಜೊತೆ ಎರಡು ಗುಳ್ಳೆ ಹೊರಗೆ ಬಂದು ಒಡೆದವು. ಮೇಲೆ ಒಂದು ಇಟ್ಟಿಗೆ ಇಟ್ಟು ಮಾರನೇ ದಿನದವರೆಗೆ ಮುಟ್ಟಲಿಲ್ಲ.

ಈಗ ಎರಡು ಸೀಸನ್ ಆಯಿತು. 20 ನಾಟ್ ವೇಗದಲ್ಲೂ ತಳ ಬಿಟ್ಟಿಲ್ಲ. ದಂಡೆಗೆ ಎಳೆದರೂ ಏನೂ ಆಗುವುದಿಲ್ಲ. ಬಾರ್ನಕಲ್, ಅಂದರೆ ತಳಕ್ಕೆ ಅಂಟಿ ಬೆಳೆಯುವ ಚಿಪ್ಪಿನ ಜೀವಿ, ಹಿಡಿಯುವ ಮಾತೇ ಇಲ್ಲ. ಅಂಟಿಸಿದ ಮೇಲೆ ಮೊದಲ ಸಲ ಅಳಿವೆ ದಾಟುವಾಗ ಅಂಕಿ 2.3, 1.9, 1.6, 1.4 ಅಂತ ಇಳಿಯುತ್ತಾ ಹೋಯಿತು. ಒಂದೂ ಮಿಣುಕಲಿಲ್ಲ. ವೇಗ ಇಳಿಸಿ, ಸ್ವಲ್ಪ ಕೋಡಿಬಾಗದ ಕಡೆ ಸರಿದೆ. 1.8 ಆಯಿತು. ನಮ್ಮಲ್ಲಿ ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಭರತಕ್ಕೂ ಇಳಿತಕ್ಕೂ ಎರಡು ಮೀಟರ್ ಹತ್ತಿರ ವ್ಯತ್ಯಾಸ. ಮಳೆಗಾಲ ಮುಗಿದಾಗ ಮರಳು ಎಲ್ಲಿ ಬಂದು ಕೂತಿದೆ ಅಂತ ಹಳಬರೂ ಹೋಗಿಯೇ ನೋಡಬೇಕು. ಅಂಥ ಕಡೆ ಜೀವಂತ ಅಂಕಿಗಿಂತ ದೊಡ್ಡದು ನನಗೆ ಯಾವುದೂ ಇಲ್ಲ.

ಕಳೆದುಕೊಂಡದ್ದೂ ಇದೆ. ದೇವಗಡ ದ್ವೀಪದ ಆಚೆ 20 ಮೀಟರ್ ನೀರಿನಲ್ಲಿ ಮೀನಿನ ಗುಂಪು ಮಂಕಾಗಿ ಕಾಣುತ್ತದೆ, ಟ್ರಾನ್ಸಮ್ಮಿನಲ್ಲಿ ಕಂಡ ಹಾಗೆ ಅಲ್ಲ. ತಳ ಮೆತ್ತನೆ ಕೆಸರಾಗಿದ್ದರೆ ಇನ್ನೂ ಮಂಕು, ಸೆನ್ಸಿಟಿವಿಟಿ ಏರಿಸಬೇಕು. ಉಷ್ಣತೆ ತೋರಿಸುವುದು ದೋಣಿ ತಳದ್ದು, ನೀರಿನದ್ದಲ್ಲ. ಫೋಟೊ ಹಾಗೆ ಬದಿಯ ಚಿತ್ರ, ಕೆಳಗಿನ ಚಿತ್ರ ತೋರಿಸುವ ಹೊಸ ಸೌಂಡರುಗಳನ್ನು ಹೀಗೆ ಒಳಗಿಟ್ಟರೆ ಕೆಲಸ ಮಾಡುವುದಿಲ್ಲ. ಅವಕ್ಕೆ ಮುಖ ನೀರಿನಲ್ಲೇ ಇರಬೇಕು. ಸಾವಿರಾರು ರೂಪಾಯಿ ಜಾಸ್ತಿ ಕೊಟ್ಟು ಅಂಥದ್ದು ತಂದವರು ಸುಮ್ನೆ ಒಳಗೆ ಅಂಟಿಸಬೇಡಿ.

ಭಾವನ ಬೋಟಿನ ಕತೆ ಬೇರೆ. ಅದು ಹೆಬ್ಬಲಸಿನ ಹಲಗೆಯ ಬೋಟು, ಒಳಗೆ ಡೀಸೆಲ್ ಎಂಜಿನ್. ಸದಾ ನೀರಿನಲ್ಲೇ ಇರುತ್ತದೆ, ಟ್ರಾಲ್ ಎಳೆಯುವಾಗ ಎರಡು ಮೂರು ನಾಟ್ ವೇಗ. ಮರದ ಮೂಲಕ ಶಬ್ದ ದಾಟದು, ಹಿಂದೆ ಹಚ್ಚಿದರೆ ಪ್ರೊಪೆಲ್ಲರಿನ ಕಲಕು. ತಳಕ್ಕೆ ತೂತು ಕೊರೆದು ಕೂರಿಸುವುದೊಂದೇ ದಾರಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಬೋಟು ಮೇಲೆ ಬಂದಾಗ ಮಾಡಿಸಿದರು. ಮುಂದಿನ ತುದಿಯಿಂದ ಮೂರನೇ ಒಂದು ಭಾಗ ಹಿಂದೆ, ಎಂಜಿನ್ನಿಗೆ ನೀರು ಎಳೆಯುವ ತೂತಿಗಿಂತ ಮುಂದೆ, ಅಡಿಮರದ ನೆರಳು ಬೀಳದಷ್ಟು ಬದಿಗೆ.

ಕಂಚಿನದ್ದೇ ಬೇಕು ಅಂತ ಭಾವ ಹಟ ಹಿಡಿದರು, ಅದು ಸರಿ. ಮರ ನೀರು ಕುಡಿದು ಉಬ್ಬುತ್ತದೆ. ಪ್ಲಾಸ್ಟಿಕ್ ಕೊಳವೆ ಹಾಕಿದರೆ ಆ ಒತ್ತಡಕ್ಕೆ ಬಿರಿಯಬಹುದು, ಬಿರಿದರೆ ನೀರು ನೇರ ಬೋಟಿನೊಳಗೆ. ತಳದ ಇಳಿಜಾರಿಗೆ ತಕ್ಕಂತೆ ಒಂದು ಮರದ ದಿಮ್ಮಿ ಕೆತ್ತಿ ಟ್ರಾನ್ಸ್‌ಡ್ಯೂಸರ್ ಮುಖ ನೇರ ಕೆಳಗೆ ನೋಡುವ ಹಾಗೆ ಮಾಡಿದರು. ಬಡಗಿ ಆ ದಿಮ್ಮಿಯನ್ನು ಮೂರು ಸಲ ಇಟ್ಟು ತೆಗೆದು ಕೆತ್ತಿದ್ದನ್ನು ನಾನು ಕೂತು ನೋಡಿದೆ. ಬೆಳಕು ತೂರದಷ್ಟು ಕೂಡಿದ ಮೇಲೆಯೇ ಅವರು ಸೀಲಂಟ್ ಹಚ್ಚಲು ಬಿಟ್ಟದ್ದು.

ಅದು ಬಿಡುವ ಶಬ್ದ 50 ಕಿಲೊಹರ್ಟ್ಸಿನಲ್ಲಿದ್ದರೆ ದೂರದ ಆಳ, 200ರಲ್ಲಿ ಹತ್ತಿರದ ಸೂಕ್ಷ್ಮ, ಎರಡೂ ನನ್ನ ದೋಣಿಗಿಂತ ಎಷ್ಟೋ ಪಾಲು ಚೆನ್ನ. ತೊಂದರೆ ಎರಡು. ಖರ್ಚು, ಮತ್ತೆ ಬಾರ್ನಕಲ್. ಬಂದರಿನಲ್ಲಿ ನಿಂತರೆ ಕೆಲವೇ ವಾರದಲ್ಲಿ ಮುಖದ ಮೇಲೆ ಚಿಪ್ಪು ಕೂರುತ್ತದೆ. ಅದನ್ನು ಕತ್ತಿಯಲ್ಲಿ ಕೆರೆಯಬಾರದು, ಪ್ಲಾಸ್ಟಿಕ್ ಪಟ್ಟಿಯಲ್ಲಿ ಎಬ್ಬಿಸಿ ನುಣುಪು ಮರಳುಕಾಗದದಲ್ಲಿ ತಿಕ್ಕಬೇಕು. ತಳಕ್ಕೆ ಬಳಿಯುವ ಬಣ್ಣವನ್ನು ಅದರ ಮುಖಕ್ಕೂ ದಪ್ಪಗೆ ಬಳಿಯಬಾರದು. ನೀರಿನಲ್ಲಿ ಕಲಸುವ ಜಾತಿಯ ಬಣ್ಣವಾದರೆ ತೆಳ್ಳಗೆ ಒಂದು ಕೈ ನಡೆಯುತ್ತದೆ.

ಈಗ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ದೋಣಿ ರಾತ್ರಿ ಎಲ್ಲಿ ಮಲಗುತ್ತದೆ ಅಂತ. ದಂಡೆಗೆ ಎಳೆಯುವ ಗಟ್ಟಿ ಫೈಬರ್ ದೋಣಿಯಾದರೆ ಒಳಗೆ ಅಂಟಿಸಿ. ಫೈಬರ್ ದೋಣಿ ನೀರಿನಲ್ಲೇ ಕಟ್ಟಿರುತ್ತದೆ, ಮೀನು ಹುಡುಕುವುದೇ ಮುಖ್ಯ ಅಂದರೆ ಟ್ರಾನ್ಸಮ್, ಆದರೆ ಆ ಮೂರು ಮಿಲಿಮೀಟರಿಗೆ ಸಮಯ ಕೊಡಿ. ಮರದ ಬೋಟಿಗೆ ಕಂಚು.

ಎಲ್ಲಿ ಕೂರಿಸಿದರೂ ಒಂದು ಕೆಲಸ ಬಾಕಿ ಇರುತ್ತದೆ. ಸೌಂಡರ್ ಅಳೆಯುವುದು ಟ್ರಾನ್ಸ್‌ಡ್ಯೂಸರ್ ಮುಖದಿಂದ. ನನ್ನ ಎಂಜಿನ್ನಿನ ಕಾಲು ಅದಕ್ಕಿಂತ 45 ಸೆಂಟಿಮೀಟರ್ ಕೆಳಗಿದೆ. ಸೆಟ್ಟಿಂಗಿನಲ್ಲಿ ಅಷ್ಟನ್ನು ಕಳೆದಿಟ್ಟಿದ್ದೇನೆ. ಈಗ ಅಂಕಿ ಸೊನ್ನೆಯಾದರೆ ಕಾಲು ಮರಳಿಗೆ ತಾಗಿದ ಹಾಗೆ. ಇದನ್ನು ಹಳೇ ಸೀಸದ ಗುಂಡಿನಲ್ಲಿ ಸರಿ ನೋಡಿದೆ. ಅಜ್ಜನ ಹಗ್ಗ ಅದು, ಮಾರಿಗೊಂದು ಗಂಟು. ಬೈತಖೋಲದಲ್ಲಿ ಇಳಿಬಿಟ್ಟಾಗ ನೀರಿನ ಮಟ್ಟದಿಂದ ಸರಿಯಾಗಿ ಮೂರು ಮಾರು ಬಂತು, ಅಂದರೆ ಹತ್ತಿರಹತ್ತಿರ ಐದೂವರೆ ಮೀಟರ್. ನೀರಿನೊಳಗೆ ಮುಳುಗಿರುವ ಕಾಲಿನ ಉದ್ದ ಕಳೆದರೆ 4.8 ಇರಬೇಕಿತ್ತು. ಪರದೆಯಲ್ಲೂ 4.8.